ಹನ್ನಾಳಿಗೆ ಈಟಾದದ್ದು

ಮದ್ದೂರಿನಲ್ಲಿ ಈ ಕೆಂಪಸಿದ್ದಯ್ಯ ಮೇಷ್ಟ್ರು ಉಸಿರಾಡುತ್ತಿರುವಾಗ, ಭಾಷೆ ಬಾರದ ಕಾರಣಕ್ಕೆ ಒಬ್ಬ ಪರದೇಶದ ಹೆಣ್ಣುಮಗಳು ಔಷಧಿಗೆ ಪರದಾಡುವುದೆ? ಎಂದಿಗೂ ಇಲ್ಲ! ಹೀಗೆಂದು ನಾನು ಜಗಲಿಯ ಮೇಲೆ ನಿಂತು ಘೋಷಿಸಿದೆ. ಮಳವಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನು ನಾನು. ಆ ತಾಲ್ಲೂಕಿನ ಜನ ಇವತ್ತು ಇಂಗ್ಲಿಷಿನಲ್ಲಿ ರಜಾ ಅರ್ಜಿ ಬರೆಯುತ್ತಿದ್ದರೆ ಅದು ನನ್ನ ಬೆತ್ತದ ಪ್ರಸಾದ. ಘೋಷಣೆ ಕೇಳಿಸಿಕೊಂಡವಳು ನನ್ನ ಹೆಂಡತಿ ಶಶಿರೇಖಾ ಒಬ್ಬಳೇ. ಅವರೆಕಾಯಿ ಬಿಡಿಸುತ್ತಿದ್ದವಳು ತಲೆಯನ್ನೂ ಎತ್ತದೆ, "ಮೊದ್ಲು ಆ ಮಗೀನ ಎಸ್ರು ನೆಟ್ಗೆ ಕರೀರಿ. ಔಸ್ದಿ ಆಮ್ಯಾಕೆ ಆಯ್ತದೆ" ಎಂದಳು.

ಆ ಮಗುವಿನ ಹೆಸರು ಹನ್ನಾ. ಸ್ಕಾಟ್ಲೆಂಡಿನವಳು. ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳು ಗೂಡು ಕಟ್ಟಿ ಮರಿ ಮಾಡುವುದನ್ನು ಅಧ್ಯಯನ ಮಾಡಲು ಬಂದು, ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದಳು. ಊಟ ತಿಂಡಿ ನಮ್ಮ ಜೊತೆಗೇ. ನಮ್ಮ ಸೀಮೆಯ ನಾಲಿಗೆಗೂ ಹಕಾರಕ್ಕೂ ಆಗಿಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಬರೆಯುವಾಗ ನಾನು ಒಂದು ಹಕಾರವನ್ನೂ ಬಿಟ್ಟವನಲ್ಲ. ಬಾಯಿಗೆ ಬಂದಾಗ ಮಾತ್ರ ಅದು ಅರ್ಜಿ ಕೊಡದೆ ರಜೆ ಹಾಕುತ್ತದೆ. ಹೀಗಾಗಿ ದಿನಾ ಬೆಳಿಗ್ಗೆ ಮೆಟ್ಟಿಲ ಕೆಳಗೆ ನಿಂತು ನಾನು "ಅನ್ನಾ, ಅನ್ನಾ" ಎಂದು ಕೂಗುತ್ತಿದ್ದೆ. ಎದುರು ಮನೆಯ ಸಿದ್ದೇಶ್ ಹಲ್ಲುಜ್ಜುತ್ತಲೇ ಕೇಳುತ್ತಿದ್ದ:

"ಯಾಕ್ ಮೇಷ್ಟ್ರೇ, ಅಕ್ಕ ರಾತ್ರೀನೂ ಇಕ್ಕಲಿಲ್ವಾ?"

ದಿನದಿಂದ ದಿನಕ್ಕೆ ಬಿಸಿಲು ಏರಿತು. ಹನ್ನಾಳಿಗೆ ಬಾಯಿಹುಣ್ಣು, ಕಣ್ಣುರಿ. ತನ್ನ ದೇಶದಲ್ಲಿ ಸಿಗುವ ಯಾವುದೋ ಮುಲಾಮಿನ ಹೆಸರು ಹಿಡಿದು ಮದ್ದೂರಿನ ಮೆಡಿಕಲ್ ಸ್ಟೋರುಗಳನ್ನೆಲ್ಲ ಸುತ್ತಿ ಬಂದಳು. ಆ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ. ಹಾಗೆಂದು ಬರಿಗೈಯಲ್ಲಿ ಕಳಿಸುವಷ್ಟು ಕಲ್ಲುಹೃದಯವೂ ಯಾರಿಗೂ ಇಲ್ಲ. ಒಬ್ಬರು ಹಳದಿ ಗುಳಿಗೆ ಕೊಟ್ಟರು, ಇನ್ನೊಬ್ಬರು ಕೆಂಪು ಕ್ಯಾಪ್ಸೂಲು ಕೊಟ್ಟರು, ಎಲ್ಲವೂ ಪಟ್ಟಿಯಿಂದ ಕತ್ತರಿಯಲ್ಲಿ ಕತ್ತರಿಸಿದ ತುಂಡುಗಳು. ಹೆಸರಿದ್ದ ಭಾಗ ಅಂಗಡಿಯಲ್ಲೇ ಉಳಿದಿತ್ತು, ಗುಳಿಗೆಯಿದ್ದ ಭಾಗ ಇವಳ ಕೈಗೆ ಬಂದಿತ್ತು. ನುಂಗಲು ಹೆದರಿ ಅವನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಳು. ಹೀಗೇ ಆದರೆ ಮರಿಗಳು ಹಾರುವ ಮೊದಲೇ ಕೆಲಸ ಬಿಟ್ಟು ಊರಿಗೆ ಹೋಗಬೇಕಾಗುತ್ತದೆ ಎಂದು ಕಣ್ಣೊರೆಸಿಕೊಂಡಳು. ಹೆಣ್ಣುಮಕ್ಕಳಿಲ್ಲದ ನಮ್ಮ ಮನೆಗೆ ಅವಳೊಬ್ಬಳು ಬಂದು ಮಾತು ತುಂಬಿದ್ದಳು.

"ಇದ್ಕೆ ಮುಲಾಮು ಬ್ಯಾರೆ ಬೇಕಾ? ಈಟು ಕಣ್ರೀ. ದಿನಾ ಬಿಸ್ಲಲ್ಲಿ ನಿಂತ್ಕೊಂಡು ಅಕ್ಕಿ ನೋಡ್ತದೆ, ಅದ್ರ ಮ್ಯಾಲೆ ಕಾಪಿ ಮ್ಯಾಲೆ ಕಾಪಿ. ಅಳ್ಳೆಣ್ಣೆ ತಟ್ಟಿ ತಲೆಗೆ ನೀರುಯ್ದ್ರೆ ಸರೋಯ್ತದೆ. ಕರೀರಿ, ನಾನೇ ಅಚ್ಚುಬುಡ್ತೀನಿ" ಎಂದಳು ಶಶಿರೇಖಾ.

"ಪರದೇಸದವ್ರ ತಲೆಗೆ ಏಕ್‌ದಮ್ ಅಳ್ಳೆಣ್ಣೆ ಸುರಿಯಾಕಾಯ್ತದೇನೆ? ಮೊದ್ಲು ತಿಳ್ಸಿ ಏಳ್ಬೇಕು. ಇದು ಭಾಸೆ ಇಸ್ಯ. ನಂಗೆ ಬುಡು."

ಹರಳೆಣ್ಣೆಯ ಸೀಸೆ ಹಿಡಿದು ಮಹಡಿ ಹತ್ತಿದೆ. ಗಂಟಲು ಸರಿಮಾಡಿಕೊಂಡು, ದಡ್ಡ ವಿದ್ಯಾರ್ಥಿಗೂ ಅರ್ಥವಾಗುವಂತೆ ಒಂದೊಂದೇ ಪದ ಬಿಡಿಸಿ ಹೇಳಿದೆ.

"ಅನ್ನಾ, ಯುವರ್ ಪ್ರಾಬ್ಲಮ್ ಈಸ್ ಈಟ್. ಟೂ ಮಚ್ ಈಟ್."

ಅವಳ ಮುಖ ಕೆಂಪಾಯಿತು. ನೋಡಿದಿರಾ, ಈಟು ಮುಖಕ್ಕೂ ಏರಿದೆ ಎಂದುಕೊಂಡೆ.

"ಈಟ್?"

"ಯೆಸ್. ಮೈ ವೈಫ್ ಆಲ್ಸೋ ಟೋಲ್ಡ್."

ಅವಳು ತಲೆ ತಗ್ಗಿಸಿ "ಸಾರಿ" ಎಂದಳು. ಎಂಥ ವಿನಯ ಎಂದು ಮೆಚ್ಚಿ, ಸೀಸೆಯನ್ನು ಅವಳ ಕೈಗಿಟ್ಟೆ. "ಪುಟ್ ಆನ್ ಎಡ್. ರಬ್ ವೆಲ್. ಡೈಲಿ."

"ಆನ್ ಎಡ್?" ಅವಳ ಹುಬ್ಬು ಗಂಟಾಯಿತು. "ವೈ ಎಡ್?"

"ಅವರ್ ಕಸ್ಟಮ್" ಎಂದು ಗಂಭೀರವಾಗಿ ಹೇಳಿ ಇಳಿದು ಬಂದೆ. ಪಾಠ ಇಷ್ಟು ಸಲೀಸಾಗಿ ತಲೆಗೆ ಹತ್ತಿದ ವಿದ್ಯಾರ್ಥಿ ನನಗೆ ಮಳವಳ್ಳಿಯಲ್ಲೂ ಸಿಕ್ಕಿರಲಿಲ್ಲ.

ಅವತ್ತಿನಿಂದ ಹನ್ನಾ ಊಟಕ್ಕೆ ಬರುವುದನ್ನು ಬಿಟ್ಟಳು. ಶಶಿರೇಖಾ ಅಕ್ಕಿರೊಟ್ಟಿ ಕಳಿಸಿದಳು, ಚೂರು ಮುರಿದು ಬಾಕಿ ವಾಪಸ್ಸು ಬಂತು. ಮೊಸರನ್ನ ಕಳಿಸಿದಳು, ಎರಡು ತುತ್ತು ತಿಂದು "ಸಾಕು ಅಮ್ಮ" ಎಂದಳಂತೆ. ಮುಖ ಬಾಡಿತು, ಹುಣ್ಣು ಹೆಚ್ಚಾಯಿತು. "ಅದೇನ್ ಏಳಿದ್ರೋ ಏನೋ, ಮಗ ಉಣ್ಣಾದೇ ಬುಡ್ತು" ಎಂದು ಶಶಿರೇಖಾ ನನ್ನ ಮೇಲೆ ಹರಿಹಾಯ್ದಳು. ನನಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಮೆಟ್ಟಿಲ ಕೆಳಗೆ ಹೋಗಿ "ಅನ್ನಾ, ಅನ್ನಾ" ಎಂದು ಗೋಗರೆದೆ. ಅವತ್ತು ಸಿದ್ದೇಶ್ ತಮಾಷೆ ಮಾಡಲಿಲ್ಲ, ನಿಜವಾಗಿಯೂ ಕನಿಕರಪಟ್ಟು ಒಂದು ತಟ್ಟೆ ಇಡ್ಲಿ ತಂದುಕೊಟ್ಟ.

ತಡೆಯಲಾರದೆ ಹಸೀಬನ ಮೆಡಿಕಲ್ ಸ್ಟೋರಿಗೆ ಓಡಿದೆ. ನನ್ನ ಹಳೆಯ ವಿದ್ಯಾರ್ಥಿ ಅವನು.

"ಅಳ್ಳೆಣ್ಣೆ ಕೊಟ್ಮ್ಯಾಕೆ ಊಟ ಬುಟ್ಟವ್ಳೆ ಕಣಪ್ಪ" ಎಂದೆ.

ಹಸೀಬ್ ಕತ್ತರಿ ಕೆಳಗಿಟ್ಟ. "ಅಯ್ಯೋ, ಕುಡ್ದ್‌ಬುಟ್ಲಾ ಮೇಷ್ಟ್ರೇ? ಒಟ್ಟೆ ತೊಳ್ದೋಗ್ತದೆ."

ಅದೇ ಓಟದಲ್ಲಿ ಮನೆಗೆ ಬಂದು, ಮಹಡಿ ಹತ್ತಿ, ಏದುಸಿರು ಬಿಡುತ್ತ ಕೇಳಿದೆ: "ಅನ್ನಾ! ಯು ಡ್ರಿಂಕ್?"

ಅವಳು ಎದ್ದು ನಿಂತಳು. ಕಣ್ಣಲ್ಲಿ ನೀರು ತುಂಬಿತ್ತು. "ನೆವರ್ ಇನ್ ಯುವರ್ ಹೌಸ್, ಸರ್!" ಎಂದವಳೇ ಮಂಚದ ಕೆಳಗಿಂದ ಸೂಟ್‌ಕೇಸು ಎಳೆದು ಬಟ್ಟೆ ತುಂಬತೊಡಗಿದಳು. ಕುಡಿದಿಲ್ಲ ಎಂದರೆ ಒಳ್ಳೆಯದೇ ಆಯಿತಲ್ಲ, ಅಳುವುದೇಕೆ, ಹೊರಡುವುದೇಕೆ? ಏನೂ ಬಗೆಹರಿಯಲಿಲ್ಲ. ಕೆಳಗೆ ಶಶಿರೇಖಾ ಸೆರಗಿನಲ್ಲಿ ಮೂಗೊರೆಸುತ್ತ, "ಓಗ್ಬೇಡ ಕಣಮ್ಮ" ಎನ್ನುತ್ತಿದ್ದಳು.

ಅಷ್ಟರಲ್ಲಿ ಬಾಗಿಲ ಮುಂದೆ ಬೈಕೊಂದು ನಿಂತಿತು, ನಾನು ಕೆಳಗೆ ಓಡಿದೆ. ಇಳಿದವನು ಬಿಳಿಯ ದೊರೆ. ಕೂದಲು ಹಣೆಗೆ ಅಂಟಿತ್ತು. ಕಿವಿಯಿಂದ ಎಣ್ಣೆ ಅಂಗಿಗೆ ಇಳಿಯುತ್ತಿತ್ತು. ಅದರ ಮೇಲೆ ಬೆಳ್ಳೂರು ರಸ್ತೆಯ ಧೂಳೆಲ್ಲ ಕೂತಿತ್ತು. ಹನ್ನಾಳ ಜೊತೆ ಕೆಲಸ ಮಾಡುವವನಂತೆ. ಬೆಳ್ಳೂರಿನ ಮಾದಯ್ಯನ ಮನೆಯಲ್ಲಿ ವರ್ಷಗಟ್ಟಲೆ ಇದ್ದು ಆ ಊರಿನ ಮಾತನ್ನೇ ಕಲಿತವನು.

"ಮೇಷ್ಟ್ರು ಅಂದ್ರೆ ನೀವೇಯಾ?"

"ಔದು. ತಾವು?"

"ನಾನು ಎಡ್ಡು."

ಅವನು ಕಿವಿಯ ಎಣ್ಣೆ ಒರೆಸಿಕೊಂಡ.

"ಉಣ್ಣಾಗಿರಾದು ಅವ್ಳ ಬಾಯ್ಗೆ. ದಿನಾ ನನ್ ತಲೆಗ್ಯಾಕೆ ಎಣ್ಣೆ ಅಚ್ಚುಸ್ತೀರಿ? ಮಾದಯ್ಯನ ಮನೆ ದಿಂಬೆಲ್ಲ ಆಳಾಗೋಯ್ತು."

"ನಿಮ್ಗೆ ಅಂತ ನಾನೆಲ್ಲಪ್ಪ ಏಳ್ದೆ? ಎಡ್ಗೆ ಅಂತ ಏಳ್ದೆ" ಎಂದು ನನ್ನ ತಲೆಯನ್ನೇ ಬಡಿದು ತೋರಿಸಿದೆ. "ಎಡ್ಡು, ಎಡ್ಡು! ಈಟು ಇಳೀಲಿ ಅಂತ!"

ಅವನು ನನ್ನ ಕೈಯನ್ನು ನೋಡಿದ, ತಲೆಯನ್ನು ನೋಡಿದ, ಮೆಟ್ಟಿಲ ಮೇಲೆ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಮೇಲೆ ಹೋಗಿ ಹನ್ನಾಳಿಗೆ ವಿವರಿಸಿದ. ಈಟು ಎಂದರೆ ಹೀಟು, ಎಡ್ಡು ಎಂದರೆ ತಾನಲ್ಲ, ಹೆಡ್ಡು. ನಾನು ನುಂಗಿದ್ದ ಹಕಾರಗಳನ್ನೆಲ್ಲ ಅವನು ಒಂದೊಂದಾಗಿ ವಾಪಸ್ಸು ಕೊಡುತ್ತಿದ್ದುದು ಕೆಳಗಿದ್ದ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ತಾನು ಜಾಸ್ತಿ ತಿನ್ನುತ್ತೇನೆಂದು ಮೇಷ್ಟ್ರು ಬೈದರು, ಆಮೇಲೆ ಕುಡುಕಿ ಎಂದರು ಎಂದು ಆ ಹುಡುಗಿ ಕೊರಗುತ್ತಿದ್ದಳಂತೆ. ನನಗೆ ನಾಚಿಕೆಯಿಂದ ಸಾಯುವಂತಾಯಿತು.

ಶಶಿರೇಖಾ ಯಾವ ಭಾಷೆಗೂ ಕಾಯಲಿಲ್ಲ. ಹನ್ನಾಳ ಕೈಹಿಡಿದು ಇಳಿಸಿಕೊಂಡು ಬಂದು, ಮುಂದೆ ತಟ್ಟೆ ಇಟ್ಟು, "ಉಣ್ಣು" ಎಂದಳು. ಉಂಡ ಮೇಲೆ ನೆತ್ತಿಗೆ ಎಣ್ಣೆ ತಟ್ಟಿದಳು. ಹಸೀಬ್ ಕತ್ತರಿ ಹಾಕದೆ, ಔಷಧಿಯ ಹೆಸರಿರುವ ಪೂರ್ತಿ ಪಟ್ಟಿಯಲ್ಲೇ ವಿಟಮಿನ್ ಗುಳಿಗೆ ಕೊಟ್ಟ. ಹುಣ್ಣು ಮಾಯಿತು, ಸೂಟ್‌ಕೇಸು ಮಂಚದ ಕೆಳಗೆ ಹೋಯಿತು.

ಈಗ ನಾನು ವಿದ್ಯಾರ್ಥಿ, ಹನ್ನಾ ಮೇಡಮ್ಮು. ಬಾಯಿಯ ಮುಂದೆ ಅಂಗೈ ಹಿಡಿದು, ಉಸಿರು ತಾಗುವ ಹಾಗೆ ಹೇಳಬೇಕು. ಬಚ್ಚಲಲ್ಲಿ, ಜಗಲಿಯಲ್ಲಿ, ಎಲ್ಲೆಂದರಲ್ಲಿ ಹಾ, ಹೀ, ಹೂ ಎಂದು ಸಾಧನೆ ಮಾಡಿದೆ. ಮೊನ್ನೆ ಬೆಳಿಗ್ಗೆ ಮೆಟ್ಟಿಲ ಕೆಳಗೆ ನಿಂತು, ಎದೆ ತುಂಬ ಗಾಳಿ ಎಳೆದುಕೊಂಡು, ಸಿದ್ದೇಶನಿಗೂ ಕೇಳಲಿ ಎಂದು ಕೂಗಿದೆ: "ಹನ್ನಾ!"

ಮಹಡಿಯಿಂದ ತಕ್ಷಣ ಹನ್ನಾಳ ಉತ್ತರ ಬಂತು, ಶಶಿರೇಖಾಳಿಂದ ಕಲಿತ ಮಾತಿನಲ್ಲಿ.

"ಯಾಕ್ ಮೇಷ್ಟ್ರೇ, ಅಸಿವಾಯ್ತಾ? ಇರಿ, ಬತ್ತೀನಿ."

ಒಳಗಿನಿಂದ ಶಶಿರೇಖಾ ಕೂಗಿದಳು: "ಅಸಿವಲ್ಲ ಕಣಮ್ಮ, ಅವ್ರಿಗೆ ಈಟು ತಲೆಗೇರ್ಯದೆ. ಬರುವಾಗ ಎಣ್ಣೆ ಸೀಸೆ ತಕ್ಕೊಂಬಾ."