ಲಕ್ಷ್ಮಣಪ್ಪನ ಲೋಟ

ಆ ದಿನ ಬೆಳಗ್ಗೆ ಲಕ್ಷ್ಮಣಪ್ಪ ಆಡಿದ್ದು ಎರಡೇ ಮಾತು. ಆ ಎರಡು ಮಾತು ಸಂಜೆಯೊಳಗೆ ಅವನ ಮನೆ ಮುಂದೆ ಮೂರು ಜೀಪು, ಒಂದು ಶಾಮಿಯಾನ ಮತ್ತು ಕಣ್ಣೊರೆಸಿಕೊಳ್ಳುವ ಒಬ್ಬ ಅಭ್ಯರ್ಥಿಯನ್ನು ತಂದು ನಿಲ್ಲಿಸಿದವು.

ಭಾಗ್ಯನಗರದಲ್ಲಿ ಮೂವತ್ತು ವರ್ಷ ನಲ್ಲಿಗೆ ನೀರು ಬಿಡುವ ಕೆಲಸ ಮಾಡಿ ನಿವೃತ್ತನಾದವನು ಲಕ್ಷ್ಮಣಪ್ಪ. ಅವನಿಗೊಂದು ವಿಚಿತ್ರ ರೂಢಿ. ಶಫೀಸಾಬನ ಚಹಾದಂಗಡಿಗೆ ಹೋಗುವಾಗಲೂ ಮನೆಯಿಂದ ತನ್ನ ಸ್ಟೀಲ್ ಲೋಟ ಒಯ್ಯುತ್ತಿದ್ದ. ಮದುವೆಗೆ ಹೋಗಲಿ, ಬೀಗರ ಮನೆಗೆ ಹೋಗಲಿ, ದವಾಖಾನೆಗೆ ಹೋಗಲಿ, ಚೀಲದಲ್ಲಿ ಲೋಟ ಇರಲೇಬೇಕು. ಓಣಿಯವರು ‘ಲೋಟದ ಲಕ್ಷ್ಮಣಪ್ಪ’ ಎಂದೇ ಕರೆಯುತ್ತಿದ್ದರು. ಯಾಕೆ ಎಂದು ಕೇಳಿದರೆ ನಕ್ಕು ಮಾತು ತೇಲಿಸುತ್ತಿದ್ದ.

ಆ ಬೆಳಗ್ಗೆ ಲೋಟ ಇನ್ನೂ ತುಟಿಗೆ ತಾಗಿರಲಿಲ್ಲ, ಶಫೀಸಾಬ ಮೊಬೈಲು ಮುಂದೆ ಹಿಡಿದ. ಹಳೆಯ ಕಪ್ಪುಬಿಳುಪು ಫೋಟೋ. ಕುಷ್ಟಗಿ ಕಡೆಯ ಹಳ್ಳಿಯೊಂದರ ಹೋಟೆಲು. ಹೊರಗೋಡೆಯ ಗೂಡಿನಲ್ಲಿ ಬೋರಲು ಹಾಕಿದ ಎರಡು ಲೋಟ.

"ಅಣ್ಣಾ, ಇದು ನಿಮ್ಮೂರಂತಲ್ರಿ? ಎಲೆಕ್ಷನ್ನಿಗೆ ನಿಂತಾರಲ್ಲ ಅಮರಪ್ಪ ಸಾವಕಾರ್ರು, ಅವರ ಹೋಟೆಲಂತ. ನಿಮ್ಮ ಕೇರಿ ಮಂದಿಗೆ ಲೋಟಾ ಬ್ಯಾರೆ ಇಟ್ಟಿದ್ರಂತ. ಖರೇ ಏನ್ರಿ?"

ಲಕ್ಷ್ಮಣಪ್ಪ ಲೋಟ ಕೆಳಗಿಟ್ಟು ಫೋಟೋ ನೋಡಿದ.

"ಹೌದು," ಅಂದ. "ಬಲಗಡಿ ಲೋಟದಾಗ ನಾನೂ ಕುಡದೀನಿ."

ಶಫೀಸಾಬನ ಹೊಟ್ಟೆಯಲ್ಲಿ ಸುದ್ದಿ ನಿಲ್ಲುವುದೆಂದರೆ ಜರಡಿಯಲ್ಲಿ ನೀರು ನಿಂತಂತೆ. ಚಹಾ ಅರ್ಧ ಕುಡಿಯುವಷ್ಟರಲ್ಲಿ ಹತ್ತು ಜನ ಸುತ್ತುಗಟ್ಟಿದರು. ಲಕ್ಷ್ಮಣಪ್ಪ ಉಳಿದರ್ಧ ಚೆಲ್ಲಿ ಮನೆಗೆ ಓಡಿದ.

ಹೆಂಡತಿ ದುರಗಮ್ಮ ಮತ್ತೆ ಚಹಾ ಕಾಸಿ ಅದೇ ಲೋಟಕ್ಕೆ ಸುರಿದಳು. ಅಷ್ಟರಲ್ಲಿ ತಮ್ಮನ ಮಗ ಯಂಕೇಶ ಬಂದ. ಕೊಪ್ಪಳದ ಕೋರ್ಟಿನಲ್ಲಿ ವಕೀಲ, ಮನೆಯಲ್ಲೂ ವಕೀಲ.

"ಕಾಕಾ, ಸಾವಕಾರ್ರು ಈಗ ಮಾಫಿ ಕೇಳಾಕ ಬರ್ತಾರ. ಬಾಗಲಾ ತಗೀಬ್ಯಾಡ. ಇಷ್ಟು ವರ್ಷ ಇರಲಾರದ ನೆನಪು ಎಲೆಕ್ಷನ್ ಬಂದಕೂಡ್ಲೆ ಹೆಂಗ ಬಂತು? ಅದೂ ಅಲ್ದ, ಇಡೀ ಕೇರಿದು ಮಾಫಿ ಮಾಡಾಕ ನೀ ಯಾರು?"

"ಕೇರಿದು ನಾ ಎಲ್ಲಿಂದ ಮಾಡ್ಲೆಪಾ? ಆ ಲೋಟದಾಗ ಕುಡದ ನಮ್ಮಪ್ಪ ಸತ್ತ, ಕೇರಿ ಯಲ್ಲಜ್ಜ ಸತ್ತ. ನನ್ನ ಲೋಟದ್ದಷ್ಟ ನನ್ನ ಕೈಯಾಗೈತಿ."

ಯಂಕೇಶ ಒಂದು ತಾಸು ವಾದ ಮಾಡಿದ. ಚಹಾದ ಮೇಲೆ ಕೆನೆ ಕಟ್ಟಿತು. ಅವನು ಹೋದನೋ ಇಲ್ಲವೋ, ಅಮರಪ್ಪನ ಪಕ್ಷದ ಸುಭಾಷ್ ಹೆಗಲ ಮೇಲೆ ಶಾಲು, ಕೈಯಲ್ಲಿ ಫ್ಲಾಸ್ಕು ಹಿಡಿದು ಬಂದ. ಮದುವೆಮನೆಯ ವಾಲಗದವನಂತೆ ಊದುತ್ತಲೇ ಒಳಗೆ ಬಂದ.

"ಲಕ್ಷ್ಮಣಪ್ಪನವರ, ನಿಮ್ಮ ಪುಣ್ಯ! ಸಂಜೀಕ ಸಾವಕಾರ್ರ ನಿಮ್ಮ ಮನಿಗೆ ಬರ್ತಾರ. ಚಹಾ ಕುಡದು ಮಾಫಿ ಕೇಳ್ತಾರ. ನೀವು ತೊಂದ್ರಿ ತಗೋಬ್ಯಾಡ್ರಿ, ಚಹಾ ನಾವ ತರ್ತೀವಿ. ಪೇಪರ್ ಕಪ್ಪೂ ಐತಿ."

ದುರಗಮ್ಮ ಅಡುಗೆಮನೆಯಿಂದಲೇ ಕೇಳಿದಳು: "ಹೋಟೆಲ್ ಚಹಾ ಕುಡಿಯಾಕ ನಮ್ಮ ಮನಿ ಯಾಕ್ರಿ ಬೇಕು? ಹೋಟೆಲ್ನ್ಯಾಗ ಕುಡೀರಲ್ಲ."

ಸುಭಾಷ್ ಫ್ಲಾಸ್ಕನ್ನು ಬೆನ್ನ ಹಿಂದೆ ಸರಿಸಿದ.

ಲಕ್ಷ್ಮಣಪ್ಪ ತನ್ನ ಲೋಟವನ್ನು ತಿರುಗಿಸಿ ನೋಡಿದ. ಹದಿನಾರರ ವಯಸ್ಸಿನಲ್ಲಿ, ಮೊದಲ ಕೂಲಿಯಲ್ಲಿ ಕುಷ್ಟಗಿ ಸಂತೆಯಲ್ಲಿ ಕೊಂಡದ್ದು. ಮೇಲೆ ‘ಲಕ್ಷ್ಮಣ’ ಎಂದು ಕೊರೆಸಿದ್ದ. ಇನ್ನು ಸಾಯುವ ತನಕ ಬೇರೆಯವರ ಲೋಟ ಮುಟ್ಟುವುದಿಲ್ಲ ಎಂದು ಅಂದೇ ಆಣೆ ಮಾಡಿದ್ದ.

"ಬರ್ಲಿ," ಅಂದ. "ನಮ್ಮ ಮನಿ ಚಹಾ, ನನ್ನ ಲೋಟಾ. ಕುಡದ ಮ್ಯಾಲೆ ಲೋಟಾ ಅವರ ಕೈಯಾರ ತೊಳದು ಡಬ್ಬ, ಬಾಯಿ ಕೆಳಗ ಮಾಡಿ ಇಡಬೇಕು. ಆಗ ನಾವು ಮಾಡ್ತಿದ್ವಲ್ಲ, ಹಂಗ."

ಸುಭಾಷನ ಮುಖ ಹಿಂಡಿದ ನಿಂಬೆಹಣ್ಣಿನಂತಾಯಿತು. ಹೊರಗೆ ಹೋಗಿ ಫೋನು ಮಾಡಿ, ಬೆವರೊರೆಸುತ್ತ ಬಂದ. "ಒಪ್ಯಾರ್ರಿ."

ಸಂಜೆ ಓಣಿಯೆಲ್ಲ ಛಾವಣಿ ಹತ್ತಿತು. ಅಮರಪ್ಪ ಜೀಪಿನಿಂದ ಇಳಿದ. ವಯಸ್ಸು ಎಪ್ಪತ್ತರ ಹತ್ತಿರ, ಮೊಣಕಾಲು ನೋವು. ಒಳಗೆ ಬಂದು ಚಾಪೆಯ ಮೇಲೆ ಕೂತ. ದುರಗಮ್ಮ ಕೊಟ್ಟ ಚಹಾ ಕೊನೆಯ ಹನಿಯವರೆಗೆ ಕುಡಿದ. ಆಮೇಲೆ ಯಾರ ಕೈಯನ್ನೂ ಹಿಡಿಯದೆ ಎದ್ದು ಹಿತ್ತಲ ಬಚ್ಚಲಿಗೆ ನಡೆದ. ಬಚ್ಚಲು ಇಬ್ಬರಿಗೇ ಸಾಲುವಷ್ಟು. ಲಕ್ಷ್ಮಣಪ್ಪ ನೀರು ಹಾಕಿದ, ಅಮರಪ್ಪ ಕುಕ್ಕರುಗಾಲಲ್ಲಿ ಕೂತು ತಿಕ್ಕಿದ. ಜನ್ಮದಲ್ಲಿ ಪಾತ್ರೆ ತೊಳೆದವನಲ್ಲ. ಲೋಟ ಕೈಯಿಂದ ಮೀನಿನಂತೆ ಜಾರುತ್ತಿತ್ತು.

ತೊಳೆದವನು ಎದ್ದೇಳಲಿಲ್ಲ. ಮತ್ತೊಮ್ಮೆ ತಿಕ್ಕತೊಡಗಿದ.

"ಸಾಕ್ರಿ, ಸ್ವಚ್ಛ ಆಗೈತಿ," ಅಂದ ಲಕ್ಷ್ಮಣಪ್ಪ.

"ಇಲ್ಲ ಲಕ್ಷ್ಮಣಪ್ಪಾ. ಆವತ್ತು ನಾ ಗಲ್ಲಾದ ಮ್ಯಾಲೆ ಕುಂತಿದ್ದೆ. ನೀ ಲೋಟಾ ತೊಳದು ಇಟ್ಟಿ. ‘ಏ ಲಕ್ಷ್ಯಾ, ಇನ್ನೊಮ್ಮಿ ತೊಳಿ’ ಅಂದಿದ್ದೆ. ಮಂದಿ ನಕ್ಕಿದ್ರು." ಅವನು ಒದ್ದೆ ಕೈಯಿಂದಲೇ ಕಣ್ಣೊರೆಸಿಕೊಂಡ. "ಫೋಟೋ ಬರಲಿಲ್ಲಂದ್ರ ನಾ ಬರ್ತಿದ್ದಿಲ್ಲ, ಖರೇ. ಆದ್ರ ಮರ್ತಿದ್ದಿಲ್ಲ."

ಅದೇ ಮಾತಿಗೇ ಅಂದು ಲಕ್ಷ್ಮಣಪ್ಪ ಆಣೆ ಮಾಡಿದ್ದು. ಆ ಮಾತು ತನಗೊಬ್ಬನಿಗೇ ನೆನಪಿದೆ ಎಂದುಕೊಂಡಿದ್ದ. ಬಾಗಿ ಮುದುಕನ ರಟ್ಟೆ ಹಿಡಿದು ಎಬ್ಬಿಸಿದ.

"ನನ್ನ ಲೋಟದ್ದು ಮಾಫ್ ರಿ," ಅಂದ. "ವೋಟಿಂದು ಬ್ಯಾರೆ ಮಾತು. ಅದನ್ನ ವಿಚಾರ ಮಾಡಿ ಹಾಕ್ತೀನಿ."

ಅಮರಪ್ಪ ಅಳುತ್ತಲೇ ನಕ್ಕುಬಿಟ್ಟ.

ಸುಭಾಷ್ ಮೊಬೈಲು ಎತ್ತಿಕೊಂಡು ಈಗಷ್ಟೇ ಜನರ ನಡುವೆ ನುಸುಳಿ ಬಂದ. "ಸಾವಕಾರ್ರ, ಇನ್ನೊಮ್ಮಿ ತೊಳೀರಿ, ವಿಡಿಯೋ ಬಂದಿಲ್ಲ!"

"ಎರಡು ಸಲ ಆತು. ಸಾಕು," ಅಂದರು ಇಬ್ಬರೂ ಒಟ್ಟಿಗೆ.

ಲಕ್ಷ್ಮಣಪ್ಪ ಅಮರಪ್ಪನನ್ನು ಜೀಪಿನ ತನಕ ಕೈಹಿಡಿದು ಕರೆದೊಯ್ದ. ಎದೆ ಹತ್ತಿಯಷ್ಟು ಹಗುರಾಗಿತ್ತು. ಹಿಂದೆ ಏನೋ ಸುತ್ತಿಗೆಯ ಸದ್ದು ಕೇಳಿತು. ಶಾಮಿಯಾನ ಬಿಚ್ಚುತ್ತಿರಬೇಕು ಅಂದುಕೊಂಡ. ಸುಭಾಷ್ ಓಡಿಬಂದು ಕೊನೆಯ ಜೀಪು ಹತ್ತಿದ. ಧೂಳು ಎದ್ದಿತು, ಜೀಪುಗಳು ಹೋದವು.

"ದುರಗೀ, ಚಹಾ ಇಡು," ಅನ್ನುತ್ತ ತಿರುಗಿದವನು ಹಾಗೇ ನಿಂತ.

ಮನೆಯ ಹೊರಗೋಡೆಗೆ ಒಂದು ಗಾಜಿನ ಪೆಟ್ಟಿಗೆ ಹೊಡೆದಿದ್ದರು. ಪಕ್ಕದ ಬಡಿಗನ ಅಂಗಡಿಯಲ್ಲಿ ಯಾವುದೋ ಶಾಲೆಯ ಬಹುಮಾನದ ಕಪ್ಪು ಇಡಲು ಮಾಡಿಟ್ಟದ್ದು. ಒಳಗೆ ಅವನ ಲೋಟ, ಬೋರಲು. ಪೆಟ್ಟಿಗೆಗೆ ಪುಟ್ಟ ಬೀಗ. ಕೆಳಗೊಂದು ಚೀಟಿ: ‘ಶ್ರೀ ಅಮರಪ್ಪನವರು ಚಹಾ ಕುಡಿದ ಲೋಟ. ಯಾರೂ ಮುಟ್ಟಬಾರದು.’

"ಕೀಲಿ?" ಅಂದ ಲಕ್ಷ್ಮಣಪ್ಪ.

"ಸುಭಾಷಪ್ಪ ಒಯ್ದಾರ," ಅಂದ ಶಫೀಸಾಬ ಭಕ್ತಿಯಿಂದ. "ಎಲೆಕ್ಷನ್ ಮುಗಿಯೂತನ ಅವರ ಕಡೆ ಇರತೈತಂತ. ಅಣ್ಣಾ, ಗಾಜಿಗೆ ಕೈ ಹಚ್ಚಬ್ಯಾಡ್ರಿ, ಬೆರಳಿನ ಕಲಿ ಬೀಳತೈತಿ."

ಲಕ್ಷ್ಮಣಪ್ಪ ಗಾಜಿನೊಳಗಿನ ತನ್ನ ಹೆಸರನ್ನು ಓದಿದ. ಅದೂ ತಲೆಕೆಳಗಾಗಿತ್ತು.

ಒಳಗೆ ಬಂದು ಒಲೆಯ ಮುಂದೆ ಕೂತ. ಬೆಳಗಿನಿಂದ ಒಂದು ಲೋಟ ಚಹಾ ಪೂರ್ತಿ ಕುಡಿದಿರಲಿಲ್ಲ. ದುರಗಮ್ಮ ತನ್ನ ಹಳೆಯ ಹಿತ್ತಾಳೆ ಲೋಟಕ್ಕೆ ಚಹಾ ಸುರಿದು ಮುಂದಿಟ್ಟಳು.

"ಮದ್ವಿ ಆಗಿ ನಲ್ವತ್ತು ವರ್ಷ ಆತು, ನನ್ನ ಲೋಟದಾಗ ಒಂದು ಗುಟುಕು ಕುಡದಿಲ್ಲ ನೀವು. ಇವತ್ತರೆ ಕುಡೀರಿ."

ಅವನು ಲೋಟ ನೋಡಿದ, ಅವಳ ಮುಖ ನೋಡಿದ. ಎತ್ತಿ ಕುಡಿದ. ಚಹಾ ಭಾಳ ಛಲೋ ಆಗಿತ್ತು. ಖಾಲಿ ಲೋಟ ಕೆಳಗಿಟ್ಟು ಹಾಯಾಗಿ ಗೋಡೆಗೆ ಒರಗಿದ.

ದುರಗಮ್ಮ ಆ ಲೋಟವನ್ನು ಮೆಲ್ಲಗೆ ಅವನ ಕಡೆಗೇ ಸರಿಸಿದಳು.

"ಅಷ್ಟು ದೊಡ್ಡ ಸಾವಕಾರ್ರು ಎರಡು ಸಲ ತೊಳದ್ರು, ನಿಮಗೇನಾಗೈತಿ? ಏಳ್ರಿ, ತೊಳದು ಡಬ್ಬ ಇಡ್ರಿ."