ರಾಜರಿಗೆ ಹಾಸಿದ ಬಾಗಿಲು

ರಾಜರು ಬರುತ್ತಾರೆಂಬ ಸುದ್ದಿ ಬೆಳಗಿನ ಗಂಜಿ ಆರುವ ಮೊದಲೇ ಊರಿಗೆಲ್ಲ ಹಬ್ಬಿತು. ಜನ ತಲೆಯ ಮೇಲೆ ಕೈ ಹೊತ್ತು ಕೂತರು. ನಮ್ಮ ಡೆನ್ಮಾರ್ಕಿನ ರಾಜರಿಗೆ ಒಂದೇ ಕಡೆ ಕೂತು ಆಳುವ ಅಭ್ಯಾಸವಿಲ್ಲ. ಪರಿವಾರ ಕಟ್ಟಿಕೊಂಡು ಊರೂರು ತಿರುಗುತ್ತ, ಹೋದಲ್ಲಿ ಉಂಡು, ನ್ಯಾಯ ಹೇಳಿ ಮುಂದೆ ಹೊರಡುತ್ತಾರೆ. ಹಿಂದಿನ ಸಲ ಅವರು ಹೋದ ಮೇಲೆ ಊರಲ್ಲಿ ಕೂಗಲು ಒಂದು ಹುಂಜವೂ ಉಳಿದಿರಲಿಲ್ಲ.

ಹಿಗ್ಗಿದವನು ಬಡಗಿ ತೋರ್ಕಿಲ್ ಒಬ್ಬನೇ. ರಾಜರ ಮೇಲಿನ ಭಕ್ತಿಯಿಂದಲ್ಲ. ಅವರ ಅಡುಗೆ ಬಂಡಿಯಲ್ಲಿ ಬೋದಿಲ್ ಇದ್ದಳು. ಹಿಂದಿನ ಸಲ ಹೆಬ್ಬಾತು ಸುಡುತ್ತ ಅವನೊಡನೆ ಎರಡು ಮಾತಾಡಿದ್ದಳು. ಹೊರಡುವಾಗ ತಿರುಗಿ ತಿರುಗಿ ನೋಡಿದ್ದಳು. ಆಮೇಲೆ ಮೂರು ಚಳಿಗಾಲ ಅವನು ಆ ನೋಟದ ಮೇಲೇ ಬದುಕಿದ್ದ. ಹೊಳೆಯಾಚೆ ದೂಳೆದ್ದರೆ ಸಾಕು, ಉಳಿ ಕೆಳಗಿಟ್ಟು ನಿಂತುಬಿಡುತ್ತಿದ್ದ.

ಊರ ಹಿರಿಯ ಅಸ್ಸರ್ ಎಲ್ಲರನ್ನೂ ಇಗರ್ಜಿಯ ಮುಂದೆ ಸೇರಿಸಿದ. "ಸೇತುವೆ ಹಲಗೆ ಕಿತ್ತುಹಾಕೋಣ. ದಾಟೋಕಾಗ್ದೆ ಪಕ್ಕದೂರಿಗೆ ಹೋಗ್ಲಿ. ಅಲ್ಲಿನ ಹಂದಿಗಳು ದಪ್ಪಗಿವೆ."

"ರಾಜದ್ರೋಹ ಆಗಲ್ವೇನಣ್ಣ?" ಎಂದ ತೋರ್ಕಿಲ್.

"ಹಲಗೆ ತಾನಾಗೇ ಕೊಳೆತು ಬಿದ್ರೆ ಯಾವ ದ್ರೋಹ? ನೀನು ಬಡಗಿ ಅಲ್ವಾ, ನೀನೇ ಕೊಳೆಸು!"

ಎಲ್ಲರೂ ನೋಡುತ್ತಿದ್ದಂತೆ ತೋರ್ಕಿಲ್ ಹಲಗೆ ಕಿತ್ತು ಹೊಳೆಗೆಸೆದ. ಜನ ಹಂದಿಗಳನ್ನು ಇಗರ್ಜಿಯೊಳಗೆ ಬಚ್ಚಿಡಲು ಓಡಿದ್ದೇ ತಡ, ತನ್ನ ಮನೆಯ ಬಾಗಿಲನ್ನೇ ಕಳಚಿ ಬೆನ್ನ ಮೇಲೆ ಹೊತ್ತು ಸೇತುವೆಗೆ ತಂದ. ಆಮೇಲೆ ಮಂಚ. ನಡುವೆ ಒಮ್ಮೆ ಕಾಲು ಜಾರಿ ತಣ್ಣೀರಿನಲ್ಲಿ ಮುಳುಗೆದ್ದ. ನೀರಿಗೆ ಬಂದ ಮುದುಕಿ ಗುನ್ನೆ ಕಣ್ಣರಳಿಸಿದಳು.

"ಬಾಗಿಲು ಯಾಕೋ ತಂದೆ?"

"ತೊಳೆಯೋಕೆ, ಅಜ್ಜಿ."

"ಮಂಚ?"

"ಅದೂ ತೊಳೆಯೋಕೆ."

"ಹೆಂಡ್ತಿ ಇಲ್ದಿರೋ ಮನೆ ಅಂದ್ರೆ ಇಷ್ಟೇ" ಎಂದು ಮರುಗಿ, ಹೋಗಿ ಊರಿಗೆಲ್ಲ ಹೇಳಿದಳು. ಅಸ್ಸರನಿಗೆ ತಟ್ಟನೆ ಅರ್ಥವಾಯಿತು. ಜನ ದೊಣ್ಣೆ ಹಿಡಿದು ಓಡಿ ಬಂದರು. ಅಷ್ಟರಲ್ಲಿ ಆಚೆ ದಡದಲ್ಲಿ ಕಹಳೆ ಮೊಳಗಿತು.

ರಾಜರ ಪಾರುಪತ್ಯಗಾರ ಬಾಗಿಲ ಮೇಲೆ ನಡೆದು, ಮಂಚ ದಾಟಿ ಈಚೆ ಬಂದ. "ಯಾರು ಮಾಡಿದ್ದು ಇದನ್ನ?"

ಶಿಕ್ಷೆ ಖಂಡಿತ ಎಂದುಕೊಂಡ ಊರು ಒಟ್ಟಿಗೆ ತೋರ್ಕಿಲನ ಕಡೆ ಬೆರಳು ತೋರಿಸಿತು.

"ಭಲೇ! ನಾವು ಹೋಗೋ ದಾರೀಲೆಲ್ಲ ಸೇತುವೆಗಳು ಅದೇ ದಿನ ಕೊಳೆತು ಬೀಳ್ತವೆ. ಸರಿಮಾಡಿದೋನನ್ನ ಇವತ್ತೇ ನೋಡಿದ್ದು. ಅಂಥೋನು ಸಿಕ್ರೆ ಬಿಡ್ಬೇಡ ಅಂತ ರಾಜರ ಅಪ್ಪಣೆ ಮೊದ್ಲೇ ಆಗಿದೆ: ಇನ್ಮೇಲೆ ಸಾಯೋತನಕ ನೀನು ಪರಿವಾರದ ಮುಂದೆ ಹೋಗಿ ಸೇತುವೆ ಕಟ್ಟೋನು. ಈಗಲೇ ಹೊರಡು."

ತೋರ್ಕಿಲ್ ಒದ್ದೆ ಬಟ್ಟೆಯಲ್ಲೇ ಒಂದು ಸಲ ಕುಣಿದ. ಇನ್ನು ಜೀವಮಾನವಿಡೀ ಅಡುಗೆ ಬಂಡಿಯ ಹೊಗೆ ಕಾಣುವಷ್ಟು ಹತ್ತಿರ! ಅಷ್ಟರಲ್ಲಿ ಬೋದಿಲ್ ಬಂಡಿಯಿಂದ ಇಳಿದು ಹೊಳೆ ದಾಟಿ ಬಂದಳು. ಕಂಕುಳಲ್ಲಿ ಬಟ್ಟೆಯ ಗಂಟು, ಮುಖದ ತುಂಬ ನಗು.

"ಬಂದ್ಬಿಟ್ಟೆ ಕಣೋ! ರಾಣಿಯಮ್ಮನ ಕಾಲು ಹಿಡ್ದು ಬಿಡುಗಡೆ ತಗೊಂಡೆ. ಇನ್ನು ಈ ಊರು ಬಿಟ್ಟು ಕದಲಲ್ಲ."

"ನನ್ನನ್ನ..." ಎಂದ ತೋರ್ಕಿಲ್. ಉಳಿದದ್ದನ್ನು ಪಾರುಪತ್ಯಗಾರನೇ ಹೇಳಿದ. ಬೋದಿಲಳ ಜಾಗಕ್ಕೆ ಬೇರೆ ಹೆಂಗಸು ಬಂದಾಗಿತ್ತು. ರಾಜರ ಅಪ್ಪಣೆ ಹಿಂದಕ್ಕೆ ಹೋಗುವಂಥದ್ದಲ್ಲ.

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಸೈನಿಕನೊಬ್ಬ ಅವನ ಕೈಗೆ ಕೊಡಲಿ ಕೊಟ್ಟು ಮುಂದಕ್ಕೆ ತಳ್ಳಿದ. ಅವನು ತಿರುವಿನಲ್ಲಿ ಮರೆಯಾಗುವವರೆಗೂ ಬೋದಿಲ್ ಕಣ್ಣು ಕೀಳಲಿಲ್ಲ. ಆಮೇಲೆ ಅಸ್ಸರನ ಕಡೆ ತಿರುಗಿ ನಡುಗುವ ದನಿಯಲ್ಲಿ ಕೇಳಿದಳು, "ರಾಜರು ಮತ್ತೆ ಈ ಕಡೆ ಯಾವಾಗ ಬರ್ತಾರಣ್ಣ?"

ಪಾಪ, ರಾಜರಿಗೆ ಬೇಯಿಸಿ ಬೇಯಿಸಿ ಬೇಸತ್ತ ಜೀವ ಎಂದುಕೊಂಡ ಅಸ್ಸರ್, ಅವಳ ತಲೆ ಸವರಿದ.

"ಹೆದರ್ಬೇಡ ತಾಯಿ. ನಾವು ಬದುಕಿರೋತನಕ ಬರೋಕೆ ಬಿಡಲ್ಲ!"