ಗೂಢಚಾರನ ಊರು ಕೇಳದವರು

ದೊಡ್ಡಬಳ್ಳಾಪುರದ ಹತ್ತಿರದ ನಮ್ಮೂರು ಮಧುರೆಯ ಪಂಚಾಯ್ತಿ ಕಚೇರಿಯಲ್ಲಿ ಪ್ರತಿ ಗುರುವಾರ ಸಂಜೆ ರೇಡಿಯೋ ಮುಂದೆ ಕೂರುತ್ತಿದ್ದವರು ನಾವು ಹತ್ತು ಹನ್ನೆರಡು ಜನ. ಬೀಗದ ಕೈ ಇಟ್ಟುಕೊಂಡಿದ್ದ ಗುಮಾಸ್ತ ಗಂಗಪ್ಪ ಪೆಟ್ಟಿಗೆಯ ಪಕ್ಕದಲ್ಲಿ, ಚೇರ್ಮನ್ ಮುನೇಗೌಡರು ಕಚೇರಿಗಿದ್ದ ಒಂದೇ ಕುರ್ಚಿಯಲ್ಲಿ, ಶಾಲೆಯ ಮೇಷ್ಟ್ರಾದ ನಾನು ಬೆಂಚಿನ ತುದಿಯಲ್ಲಿ, ಉಳಿದವರು ಚಾಪೆಯ ಮೇಲೆ. ನನಗೊಂದು ದುರಭ್ಯಾಸವಿದೆ, ಒಪ್ಪಿಕೊಳ್ಳುತ್ತೇನೆ. ಕಥೆ ಕೇಳುವಾಗ ಸುಳ್ಳು ಕಂಡರೆ ಬಾಯಿ ಮುಚ್ಚಿಕೊಂಡಿರಲಾರೆ. ಇದು ನಮ್ಮಜ್ಜಿಯಿಂದ ಬಂದದ್ದು. ಹರಿಕಥೆಯಲ್ಲಿ ದಾಸರು ಬಸುರಿ ರಾಣಿಯನ್ನು ಕಾಡಿಗೆ ಕಳಿಸುವಾಗ, ಅವಳಿಗೆ ಬುತ್ತಿ ಕಟ್ಟಿಕೊಟ್ಟವರು ಯಾರು ಎಂದು ನಡುವೆ ಕೇಳಿ ದಾಸರ ತಾಳ ತಪ್ಪಿಸಿದವಳು ಅವಳು.

ಯುದ್ಧ ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ. ರೇಡಿಯೋದಲ್ಲಿ ವಾರಕ್ಕೊಂದು ಕಂತಿನಂತೆ ಬರುತ್ತಿದ್ದದ್ದೂ ಯುದ್ಧ ಮುಗಿದ ಮೇಲಿನ ಗೂಢಚಾರನ ನಾಟಕವೇ. ಶತ್ರುದೇಶದವನೊಬ್ಬ ನಮ್ಮೂರಂಥ ಹಳ್ಳಿಗೆ ಬಂದು, ಬಿತ್ತನೆ ಬೀಜದ ವ್ಯಾಪಾರಿ ಎಂದು ಹೇಳಿಕೊಂಡು ಕೋಣೆ ಹಿಡಿದು, ಗೋಣಿಚೀಲದಲ್ಲಿ ವೈರ್‌ಲೆಸ್ ಬಚ್ಚಿಟ್ಟಿರುತ್ತಾನೆ. ಅವನು ಗುಟ್ಟು ಹೇಳುವಾಗ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದ. ಹೋಗಲಿ, ನಮಗೂ ಕೇಳಬೇಕಲ್ಲ ಎಂದು ಸಹಿಸಿಕೊಂಡೆ. ಹಾಡುಹಗಲೇ ಗೂಬೆ ಕೂಗಿತು, ಅದನ್ನೂ ಸಹಿಸಿದೆ. ಸಹಿಸಲಾಗದ್ದು ಒಂದೇ.

"ಅಲ್ಲ ಗಂಗಪ್ಪ, ಇದು ಯಾವ ಸೀಮೆ ಹಳ್ಳಿನಯ್ಯಾ? ಮೂರು ತಿಂಗಳಾಯ್ತು ಅವನು ಬಂದು. ಯಾವೂರು, ಯಾರ ಮಗ, ತಾಯಿ ತವರು ಯಾವ್ದು ಅಂತ ಒಂದು ನರಪಿಳ್ಳೆನೂ ಕೇಳ್ಲಿಲ್ವಲ್ಲ" ಎಂದೆ. ನಮ್ಮೂರಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಅವನಿಗೆ ಎರಡು ಹೆಣ್ಣಾದರೂ ತೋರಿಸಿರುತ್ತಿದ್ದೆವು ಎಂದೂ ಸೇರಿಸಿದೆ. ಅಷ್ಟರಲ್ಲಿ ನಾಟಕದಲ್ಲಿ ಏನೋ ಗುಂಡಿನ ಸದ್ದಾಗಿ, ಸತ್ತವರು ಯಾರೆಂದು ಯಾರಿಗೂ ಕೇಳಿಸಲಿಲ್ಲ.

ಮುನೇಗೌಡರು ಕುರ್ಚಿಯನ್ನೇ ನನ್ನ ಕಡೆ ತಿರುಗಿಸಿದರು. "ಮೇಷ್ಟ್ರೇ, ಮಕ್ಕಳಿಗೆ ಬಾಯ್ ಮೇಲೆ ಬೆರಳಿಡಿಸ್ತೀರಲ್ಲ, ಅದನ್ನ ನೀವೂ ವಸಿ ಕಲೀರಿ. ಇಲ್ದಿದ್ರೆ ನಾಟಕ ಮುಗಿಯೋಗಂಟ ಈ ಕಡೆ ಬರಬ್ಯಾಡಿ."

ಊರಿಗೆಲ್ಲ ಇದ್ದದ್ದು ಅದೊಂದೇ ರೇಡಿಯೋ. ಆದರೂ ನಾನು ಜಗ್ಗಲಿಲ್ಲ. ನಾಟಕ ಬರೆದವನಿಗೇ ಕಾಗದ ಹಾಕುತ್ತೇನೆ, ಅವನು ತಿದ್ದದಿದ್ದರೆ ಈ ಹೊಸಿಲು ತುಳಿಯುವುದಿಲ್ಲ, ತಿದ್ದಿದರೆ ಇಷ್ಟ ಬಂದಷ್ಟು ಮಾತಾಡುತ್ತೇನೆ ಎಂದು ಸವಾಲು ಹಾಕಿ, ಮನೆಗೆ ಹೋಗಿ ನಾಲ್ಕು ಪುಟ ಬರೆದು ರೇಡಿಯೋ ಕೇಂದ್ರದ ವಿಳಾಸಕ್ಕೆ ಹಾಕಿದೆ. ನಮ್ಮ ಹಳ್ಳಿಯವರನ್ನು ಏನೆಂದುಕೊಂಡಿದ್ದೀರಿ ಎಂಬುದೇ ಅದರ ಸಾರಾಂಶ.

ಮುಂದಿನ ಭಾನುವಾರ ಜಗಲಿಯ ಮೇಲೆ ಕೂತಿದ್ದೆ. ಬಸ್ಸಿಳಿದು ಬಂದ ಯುವಕನೊಬ್ಬ ಕೈಮುಗಿದು, ನೆಲಮಂಗಲದಿಂದ ಬಂದೆ, ನಿಮ್ಮನ್ನೇ ನೋಡಬೇಕಿತ್ತು ಎಂದ.

"ನೆಲಮಂಗಲ ಅಂದ್ರೆ ನಮ್ಮ ಜಯಮ್ಮನ ಮನೆಯೋನಾ?"

"ಅದು..."

"ಎರಡನೇ ಮಗ ತಾನೆ? ಆ ಮೂಗು ನೋಡಿದ್ರೇ ಗೊತ್ತಾಗುತ್ತೆ ಬಿಡಪ್ಪ. ಬೆಂಗಳೂರಲ್ಲಿ ಕೆಲ್ಸ ಅಲ್ವಾ?"

ಅವನು ಒಂದು ಕ್ಷಣ ನನ್ನನ್ನೇ ನೋಡಿ, "ಹೂಂ ಮಾವ" ಎಂದ.

ಜಯಮ್ಮ ನಮ್ಮಜ್ಜಿಯ ತವರಿನ ಕಡೆಯವಳು. ಅವಳನ್ನು ನೋಡಿ ಇಪ್ಪತ್ತು ವರ್ಷವಾಗಿತ್ತು. ನನ್ನ ಹೆಂಡತಿ ಮುದ್ದೆ ಇಳಿಸಿ ಸೊಪ್ಪಿನ ಸಾರು ಬಡಿಸಿದಳು. ಊಟ ಮಾಡುತ್ತಾ ಅವನೇ ರೇಡಿಯೋ ನಾಟಕದ ಮಾತೆತ್ತಿದ. ಬರೆದವನಿಗೆ ಬಂಧು ಬಳಗ ಅಂತ ಯಾರಾದರೂ ಇದ್ದಾರೋ ಇಲ್ಲವೋ ಎಂಬಲ್ಲಿಂದ ಶುರುಮಾಡಿ ನಾನು ಎರಡು ಗಂಟೆ ಬೈದೆ. ಅಷ್ಟು ಶ್ರದ್ಧೆಯಿಂದ ನನ್ನ ಮಾತು ಕೇಳಿದ ನೆಂಟ ಅವನೊಬ್ಬನೇ. ಸಂಜೆ ಬಸ್ಸಿಗೆ ಹೊರಟಾಗ ಅವನ ಕೈಗೆ ನಿಪ್ಪಟ್ಟಿನ ಪೊಟ್ಟಣವನ್ನೂ ಕೊಟ್ಟೆವು.

ಎರಡು ವಾರದ ನಂತರ ಗುರುವಾರ ಸಂಜೆ ಗಂಗಪ್ಪನೇ ಬಂದು, ನಾಟಕದಲ್ಲಿ ಮೇಷ್ಟ್ರೊಬ್ಬರು ಬಂದಿದ್ದಾರೆಂದು ನನ್ನನ್ನು ಕಚೇರಿಗೆ ಕರೆದೊಯ್ದ. ನಾಟಕದಲ್ಲಿ ಆ ಗೂಢಚಾರ ಒಬ್ಬ ಮೇಷ್ಟ್ರ ಜಗಲಿಯ ಮುಂದೆ ನಿಂತಿದ್ದ. ಮೇಷ್ಟ್ರು ಅವನ ಊರು ಕೇಳಿದರು. ತಾವೇ ಉತ್ತರವನ್ನೂ ಹೇಳಿದರು. ತಾಯಿ ಯಾರೆಂದು ಕೇಳಿದರು. ಅದನ್ನೂ ತಾವೇ ಹೇಳಿದರು. ಮೂಗು ಕೂಡ ಬಂತು. ಚಾಪೆಯ ಮೇಲಿದ್ದವರೆಲ್ಲ ನಿಧಾನವಾಗಿ ನನ್ನ ಕಡೆ ತಿರುಗಿದರು.

"ನೀವು ಗೆದ್ರಿ ಮೇಷ್ಟ್ರೇ" ಎಂದರು ಮುನೇಗೌಡರು. "ಈಗ ಎಷ್ಟು ಬೇಕೋ ಅಷ್ಟು ಮಾತಾಡಿ."

ಮಾತಾಡಿದೆ, ಬಿಡಲಿಲ್ಲ. ನಾನು ಕೇಳಿದ್ದು ಹಳ್ಳಿಯವರು ವಿಚಾರಿಸಬೇಕು ಎಂದು, ವಿಚಾರಿಸಿದರಲ್ಲ, ಮತ್ತೇನು? ಅಲ್ಲದೆ ಆ ಮೇಷ್ಟ್ರಿಗೆ ಎಪ್ಪತ್ತು ವರ್ಷದ ನಡುಗುವ ದನಿ ಕೊಟ್ಟಿದ್ದರು. ಆಗ ನನಗೆ ನಲವತ್ತೆರಡು. ಇದು ನಾಟಕದ ಇನ್ನೊಂದು ದೋಷ.

ನಾಟಕ ಮುಗಿದ ತಿಂಗಳಿಗೆ ಒಂದು ಲಗ್ನಪತ್ರಿಕೆ ಬಂತು. ಅಂಚಿನಲ್ಲಿ ಬರೆದಿತ್ತು: "ಮಾವನವರಿಗೆ ನಮಸ್ಕಾರ. ನಾಟಕ ಬರೆದವನು ನಾನೇ. ಹೇಳಲೆಂದೇ ಬಂದಿದ್ದೆ, ನೀವು ಬಿಡಲಿಲ್ಲ. ಜಯಮ್ಮನವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅತ್ತೆಯವರನ್ನೂ ಕರೆದುಕೊಂಡು ಬನ್ನಿ."

ದೊಡ್ಡಬಳ್ಳಾಪುರದ ಛತ್ರಕ್ಕೆ ಹೋದೆವು. ಬಾಗಿಲಲ್ಲಿ ಹೆಣ್ಣಿನ ಕಡೆಯ ಹಿರಿಯರೊಬ್ಬರು ನಾವು ಯಾರ ಕಡೆಯವರೆಂದು ವಿಚಾರಿಸಿದರು. ನಾನು ತಡವರಿಸುವಷ್ಟರಲ್ಲಿ ನನ್ನ ಹೆಂಡತಿ, "ಗಂಡಿಗೆ ಇವರು ಸೋದರಮಾವ ಆಗ್ಬೇಕು" ಎಂದಳು. ಅವರು ನನ್ನ ಕೈಹಿಡಿದು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಧಾರೆಯಾದ ಮೇಲೆ ಸೋದರಮಾವನಿಗೆಂದು ಜರಿಯಂಚಿನ ಪಂಚೆ, ಶಲ್ಯ ತಂದು ಕೊಟ್ಟರು. ತೆಗೆದುಕೊಂಡೆ.